ಪ್ಯಾನ್ ಪಾಠದೊಳಗೆ ಇರಬೇಕಾದದ್ದು

ಕೆರಿಬಿಯನ್ ಸಂಗೀತವನ್ನು ಮಕ್ಕಳಿಗೆ ಪರಿಚಯಿಸುವ ಪಾಠಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತವೆ. ಕೈಗೆ ಮರಾಕಸ್ ಕೊಟ್ಟು ಅಲ್ಲಾಡಿಸಲು ಹೇಳುತ್ತಾರೆ, ಲವಲವಿಕೆಯ ಒಂದು ಕ್ಯಾಲಿಪ್ಸೊ ಹಾಡಿಸುತ್ತಾರೆ, ಗೋಡೆಯ ಮೇಲೆ ಕಡಲು ಮತ್ತು ತೆಂಗಿನ ಮರದ ಚಿತ್ರ ಅಂಟಿಸುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ, ಅದು ಬೇಡವೆನ್ನಲು ಕಾರಣವಿಲ್ಲ. ಆದರೆ ಈ ವಾದ್ಯಗಳನ್ನು ಯಾರು ಮಾಡಿದರು, ಯಾವ ಒತ್ತಡದಲ್ಲಿ ಮಾಡಿದರು ಎಂಬುದನ್ನು ಬಿಟ್ಟ ಪಾಠ ಪ್ರವಾಸಿಗರ ಕರಪತ್ರಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಟ್ರಿನಿಡಾಡ್‌ನ ಸ್ಟೀಲ್‌ಪ್ಯಾನ್ ಅಥವಾ ಪ್ಯಾನ್ ಎಂಬ ತಗಡಿನ ವಾದ್ಯದ ಮಟ್ಟಿಗಂತೂ ಚರಿತ್ರೆಯನ್ನು ಬದಿಗಿಟ್ಟರೆ ಸಂಗೀತವೂ ಅರ್ಧವೇ ಅರ್ಥವಾಗುತ್ತದೆ.

1881ರ ಕಾರ್ನಿವಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಬೀದಿಗಳಲ್ಲಿ ಜನರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಅದರ ಬೆನ್ನಿಗೇ ಬ್ರಿಟಿಷ್ ಆಡಳಿತ ಚರ್ಮವಾದ್ಯಗಳ ಮೇಲೆ ನಿರ್ಬಂಧ ಹೇರಿತು. ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಆಫ್ರಿಕನ್ನರ ವಂಶಸ್ಥರು ಆಗ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಇದೇ ಟಂಬೂ ಬಂಬೂ. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬಗಳು ಬಿದಿರಿನ ಜಾಗಕ್ಕೆ ಬಂದವು, ಆಮೇಲೆ ತೈಲದ ಡ್ರಮ್ಮುಗಳು. ವಿನ್‌ಸ್ಟನ್ 'ಸ್ಪ್ರೀ' ಸೈಮನ್, ಎಲಿ ಮ್ಯಾನೆಟ್, ಆಂಥನಿ ವಿಲಿಯಮ್ಸ್ ಅವರಂಥ ಬಡ ಕೇರಿಗಳ ಹುಡುಗರು ಈ ತಗಡಿನಿಂದ ಸ್ವರ ಹೊರಡಿಸಿದರು. ಇಂದಿಗೂ ಡ್ರಮ್ಮಿನ ತಳವನ್ನು ಬಡಿದು ಬಾಣಲೆಯಂತೆ ತಗ್ಗಿಸಿ, ಪಂಚ್‌ನಿಂದ ಗೆರೆ ಹೊಡೆದು ಸ್ವರಗಳ ಜಾಗ ಬೇರ್ಪಡಿಸಿ, ಬೆಂಕಿಯಲ್ಲಿ ಕಾಯಿಸಿ, ಸಣ್ಣ ಸುತ್ತಿಗೆಯಿಂದ ಶ್ರುತಿ ಕೂಡಿಸುತ್ತಾರೆ. ಟೆನರ್ ಪ್ಯಾನ್‌ನ ಹೊರಸುತ್ತಿನಲ್ಲಿ ಹನ್ನೆರಡು ಸ್ವರಗಳಿರುತ್ತವೆ. ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಷಡ್ಜ-ಪಂಚಮದ ಅಂತರ. ಪ್ರತಿ ಸ್ವರದ ತಾರಸ್ಥಾಯಿಯ ಜೋಡಿ ಅದರ ಒಳಬದಿಗೇ ಕೂತಿರುತ್ತದೆ. ರಬ್ಬರ್ ತುದಿಯ ಕೋಲು ಹಿಡಿದ ಮಗುವಿಗೆ ಸ್ವರಸಂಬಂಧಗಳು ಕಣ್ಣಿಗೇ ಕಾಣುತ್ತವೆ. ಇಷ್ಟು ಸ್ಪಷ್ಟವಾದ ವಿನ್ಯಾಸವನ್ನು ಸಂಗೀತಶಾಲೆಯ ಮೆಟ್ಟಿಲು ಹತ್ತದವರು ಕಿವಿಯನ್ನೇ ನಂಬಿ ಕಟ್ಟಿದರು ಎಂದು ತಿಳಿದ ಮಗು ಆ ತಗಡನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಟ್ರಿನಿಡಾಡ್‌ನಲ್ಲಿ ಶಿಕ್ಷಣ ಸಚಿವಾಲಯವೇ 'ಪ್ಯಾನ್ ಇನ್ ದಿ ಕ್ಲಾಸ್‌ರೂಮ್' ಕಾರ್ಯಕ್ರಮದ ಮೂಲಕ ಶಾಲೆಗಳಿಗೆ ಪ್ಯಾನ್ ತಂದಿದೆ. ಒಂದು ಕಾಲಕ್ಕೆ ಪುಂಡರ ವಾದ್ಯವೆಂದು ಮರ್ಯಾದಸ್ಥರು ಮೂಗು ಮುರಿಯುತ್ತಿದ್ದದ್ದು ತರಗತಿಯೊಳಗೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಶಾಲಾ ತಂಡಗಳ ಕಣ್ಣು ಜೂನಿಯರ್ ಪನೋರಮಾ ಸ್ಪರ್ಧೆಯ ಮೇಲಷ್ಟೇ ನೆಟ್ಟರೆ, ಒಂದೇ ಕೃತಿಯನ್ನು ತಿಂಗಳುಗಟ್ಟಲೆ ತಿಕ್ಕಿ ಬಾಯಿಪಾಠ ಮಾಡಿಸುವ ಅಪಾಯವಿದೆ. ಇದಕ್ಕೆ ಮದ್ದು ಸ್ವರಲಿಪಿ ಕಲಿಸುವುದು ಎನ್ನುವವರಿದ್ದಾರೆ. ಲಿಪಿ ಬೇಕು ನಿಜ, ಅದಿಲ್ಲದೆ ಮಗು ಮುಂದೆ ಬೇರೆ ಸಂಗೀತಗಳತ್ತ ಹೋಗುವುದು ಕಷ್ಟ. ಆದರೆ ಮೊದಲು ಬರಬೇಕಾದದ್ದು ಪ್ಯಾನ್‌ಯಾರ್ಡ್‌ನ, ಅಂದರೆ ಪ್ಯಾನ್ ತಂಡಗಳು ಅಭ್ಯಾಸ ಮಾಡುವ ಅಂಗಳದ, ಕ್ರಮ. ಅಲ್ಲಿ ಸಂಯೋಜಕ ಒಂದೊಂದು ಸಾಲನ್ನು ನುಡಿಸಿ ತೋರಿಸುತ್ತಾನೆ, ಗೊತ್ತಿದ್ದವನು ಪಕ್ಕದವನಿಗೆ ಹೇಳಿಕೊಡುತ್ತಾನೆ, ನೂರು ಮಂದಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಒಂದೇ ಲಯಕ್ಕೆ ಬರುತ್ತಾರೆ. ಕೇಳಿ ಕಲಿಯುವುದಕ್ಕೂ ಗಿಣಿಪಾಠಕ್ಕೂ ಅಜಗಜಾಂತರ. ಸ್ಪರ್ಧೆಯ ಅವಸರದಲ್ಲಿ ಮೊದಲನೆಯದು ಎರಡನೆಯದಾಗಿಬಿಡುತ್ತದೆ, ಆಗ ಕಾಗದದ ಮೇಲಿನ ಸ್ವರಗಳೂ ಅದನ್ನು ಉಳಿಸಲಾರವು.

ಎಳೆಯ ಮಕ್ಕಳಿಗೆ ಗುಲಾಮಗಿರಿ, ಲಾಠಿ, ನಿಷೇಧಗಳ ಕಥೆ ಭಾರವಾಗದೇ ಎಂದು ಕೇಳಬಹುದು. ಆದರೆ ಅನ್ಯಾಯ ಎಂದರೇನೆಂಬುದು ಮಕ್ಕಳಿಗೆ ನಾವು ಎಣಿಸಿದ್ದಕ್ಕಿಂತ ಬೇಗ ತಿಳಿಯುತ್ತದೆ. ಡೋಲು ಬಾರಿಸಬೇಡಿ ಎಂದರು, ಜನ ಬಿದಿರು ಹಿಡಿದರು ಎಂಬ ಎರಡು ಮಾತು ಆರು ವರ್ಷದ ಮಗುವಿಗೂ ಎಟಕುತ್ತದೆ; ಕ್ರೌರ್ಯದ ವಿವರಗಳು ವಯಸ್ಸಿಗೆ ತಕ್ಕಂತೆ ಬಂದರಾಯಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಟ್ರಿನಿಡಾಡ್‌ನ ಒಳಗೇ ಹುಟ್ಟಿದೆ. 1992ರಲ್ಲಿ ಪ್ಯಾನ್ ಅನ್ನು ರಾಷ್ಟ್ರೀಯ ವಾದ್ಯವೆಂದು ಘೋಷಿಸಿದ ಮೇಲೆ, ಶಾಲೆಗಳಲ್ಲಿ ಅದಕ್ಕೆ ಮಾತ್ರ ಮನ್ನಣೆ ಏಕೆಂದು ಭಾರತೀಯ ಮೂಲದ ಹಿಂದೂ ಮುಖಂಡರು ಪ್ರಶ್ನಿಸಿ ಹಾರ್ಮೋನಿಯಂ ಪರವಾಗಿ ವಾದಿಸಿದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳು ಅಲ್ಲಿ ಟಾಸಾ ಎಂಬ ಚರ್ಮವಾದ್ಯವನ್ನು ಬೆಳೆಸಿದ್ದಾರೆ. ಮಂಗಳೂರಿನ ಹುಲಿವೇಷದ ತಾಸೆಯ ದೂರದ ಬಂಧು ಅದು. ನುಡಿಸುವ ಮುನ್ನ ಅದರ ಆಡಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿಗೊಳಿಸುತ್ತಾರೆ. ಪ್ಯಾನ್ ಮತ್ತು ಟಾಸಾಗಳಲ್ಲಿ ಯಾವುದು ದೊಡ್ಡದೆಂದು ಜಗಳವಾಡುವ ಬದಲು ಎರಡನ್ನೂ ಒಂದೇ ತರಗತಿಯಲ್ಲಿ ಇಟ್ಟರೆ, ಒಂದೇ ತೋಟದ ದುಡಿಮೆಯ ಎರಡು ನೆನಪುಗಳು ಮಕ್ಕಳ ಕೈಗೆ ಸಿಗುತ್ತವೆ.

ಆದ್ದರಿಂದ ಇಂಥ ಕಲಿಕೆಯನ್ನು ಪ್ರಶಸ್ತಿಗಳಿಂದಾಗಲಿ, ಪ್ರದರ್ಶನದ ಅಬ್ಬರದಿಂದಾಗಲಿ ಅಳೆಯಬಾರದು. ಈ ಸ್ವರ ಇಲ್ಲೇ ಏಕಿದೆ, ಈ ವಾದ್ಯ ತಗಡಿನದೇ ಏಕೆ ಎಂದು ಕೇಳಿದರೆ ಮಗು ತನ್ನ ಮಾತಿನಲ್ಲಿ ಉತ್ತರಿಸುವಂತಿರಬೇಕು. ಪಕ್ಕದವರನ್ನು ಕೇಳಿಸಿಕೊಂಡು ನುಡಿಸುವಂತಿರಬೇಕು. ದುಬಾರಿ ಪ್ಯಾನ್ ಕೊಳ್ಳಲಾಗದ ಶಾಲೆಯೂ ಬಿದಿರು ಮತ್ತು ಡಬ್ಬದಿಂದ ಈ ಪಾಠ ಆರಂಭಿಸಬಹುದು, ಏಕೆಂದರೆ ಪ್ಯಾನ್ ಆರಂಭವಾದದ್ದೂ ಅವುಗಳಿಂದಲೇ.