ದಾರಾನ ನಿಘಂಟು, ಇಬ್ರಾಹಿಮನ ತಂಬೂರಿ

ಮುಂಬೈಯ ಸೌಹಾರ್ದ ಸಭೆಗಳಿಗೆ ಹೋಗುವ ಅಭ್ಯಾಸ ನಿಮಗಿದ್ದರೆ ದಾರಾ ಶಿಕೋ ಹೆಸರು ಕೇಳಿಯೇ ಇರುತ್ತೀರಿ. ಶಾಹಜಹಾನನ ಹಿರಿಮಗ, ಉಪನಿಷತ್ತುಗಳನ್ನು ಫಾರಸಿಗೆ ತಂದವನು, ತಮ್ಮ ಔರಂಗಜೇಬನ ಆಜ್ಞೆಯಿಂದ 1659ರಲ್ಲಿ ಕೊಲೆಯಾದವನು. ಭಾಷಣ ಮಾಡಿದವರು ಕೊನೆಗೆ ನಮ್ಮ ಕಡೆ ತಿರುಗಿ, ಮುಸ್ಲಿಮರು ಹೀಗಿರಬೇಕು ನೋಡಿ, ಅಂತಾರೆ. ಚಪ್ಪಾಳೆ ಬೀಳುತ್ತದೆ. ನಾನೂ ಹೊಡೆದಿದ್ದೇನೆ. ಪುಸ್ತಕ ಓದಿದ ಮೇಲೆ ಕೈ ಸ್ವಲ್ಪ ತಡೆಯಿತು.

'ಮಜ್ಮಉಲ್ ಬಹ್ರೈನ್' ಎಂದರೆ ಎರಡು ಕಡಲುಗಳ ಸಂಗಮ. ಹೆಸರು ಕುರ್‌ಆನಿನ ಸೂರಃ ಕಹ್ಫ್‌ನದು. 1655ರ ಈ ಸಣ್ಣ ಗ್ರಂಥದಲ್ಲಿ ದಾರಾ ಸೂಫಿಗಳ ಮಾತಿಗೆ ಯೋಗಿಗಳ ಮಾತನ್ನು ಸರಿಹೊಂದಿಸುತ್ತ ಹೋಗುತ್ತಾನೆ. ಬ್ರಹ್ಮ, ವಿಷ್ಣು, ಮಹೇಶ್ವರರು ಅವನಿಗೆ ಜಿಬ್ರೀಲ್, ಮೀಕಾಈಲ್, ಇಸ್ರಾಫೀಲ್. ಪ್ರಾಮಾಣಿಕ ಹುಡುಕಾಟ, ಸಂಶಯವಿಲ್ಲ. ಆದರೆ ಇದು ನಿಘಂಟಿನ ಕೆಲಸ. ಎರಡೂ ಒಂದೇ ಎಂದು ಸಾಬೀತಾದರೆ ಮಾತ್ರ ಜೊತೆಗಿರಬಹುದು ಎಂಬ ಹಾಗೆ. ಒಂದಲ್ಲ ಅಂತಾದರೆ ಏನು ಮಾಡೋಣ?

ಈ ಪ್ರಶ್ನೆ ಹಿಡಿದು ನಮ್ಮದೇ ವಿಜಾಪುರಕ್ಕೆ ಬನ್ನಿ. ದಾರಾನಿಗಿಂತ ಅರ್ಧ ಶತಮಾನ ಹಿಂದೆ ಅಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇದ್ದ. 1580ರಲ್ಲಿ, ಒಂಬತ್ತು ವರ್ಷದ ಹುಡುಗ, ಪಟ್ಟಕ್ಕೆ ಬಂದ, 1627ರವರೆಗೆ ಆಳಿದ. ಜನ ಅವನನ್ನು ಜಗದ್ಗುರು ಎಂದರು. ಅವನ 'ಕಿತಾಬ್-ಎ-ನೌರಸ್' ದಖನಿಯಲ್ಲಿದೆ, ನಡುನಡುವೆ ಸಂಸ್ಕೃತದ ಮಾತು ಧಾರಾಳ. ಐವತ್ತೊಂಬತ್ತು ಹಾಡು, ಹದಿನೇಳು ದೋಹೆ. ನೌರಸ್ ಎಂದರೆ ನಮಗೆ ನವರಸ. ಫಾರಸಿಯವನ ಕಿವಿಗೆ ಹೊಸದಾಗಿ ಮಾಗಿದ ಹಣ್ಣು. ಅವನಿಗೆ ಈ ಶಬ್ದದ ಹುಚ್ಚು ಎಷ್ಟಿತ್ತೆಂದರೆ 1599ರಲ್ಲಿ ಕಟ್ಟಲು ಹೊರಟ ಊರಿಗೂ ನೌರಸಪುರ ಅಂತಲೇ ಹೆಸರಿಟ್ಟ. (1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ.)

ಈ ಹಾಡುಗಳಲ್ಲಿ ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ, ಪ್ರವಾದಿಯವರ ಸ್ತುತಿ ಇದೆ, ಕಲಬುರಗಿಯ ಬಂದೇನವಾಜ್ ಗೇಸುದರಾಜರ ಮೇಲಿನ ಭಕ್ತಿ ಇದೆ. ಯಾರೂ ಯಾರಿಗೂ ಸಮಾನಾರ್ಥಕ ಪದವಲ್ಲ. ಸರಸ್ವತಿ ಸರಸ್ವತಿಯೇ, ಆಕೆಯನ್ನು ಜಿಬ್ರೀಲ್ ಮಾಡುವ ಗರಜು ಅವನಿಗಿಲ್ಲ. ಹಾಡುವವನಿಗೆ ವಿದ್ಯೆ ಕೊಟ್ಟವರೆಲ್ಲ ಬೇಕು, ಅಷ್ಟೆ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ನಿಮ್ಮಲ್ಲಿ ಕೆಲವರು ಹುಬ್ಬೇರಿಸುತ್ತೀರಿ, ಗೊತ್ತು. ಸರಸ್ವತಿಯನ್ನು ತಾಯಿ ಎಂದವನ ತೌಹೀದ್ ಏನಾಯಿತು? ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಅವನ ಸಮಾಧಿ ಇರುವ ಇಬ್ರಾಹಿಂ ರೋಜಾಕ್ಕೆ ಹೋಗಿ, ಗೋಡೆ, ಕಿಟಕಿಯ ಜಾಲರಿ ನೋಡಿ: ಕಲ್ಲಿನಲ್ಲಿ ಕೊರೆದ ಅರಬಿ ಅಕ್ಷರಗಳು, ಕುರ್‌ಆನಿನ ವಚನಗಳು. ಹಾಡನ್ನೂ ಗೋಡೆಯನ್ನೂ ಒಟ್ಟಿಗೆ ಓದದೆ ಅವನನ್ನು 'ಅರ್ಧ ಹಿಂದೂ' ಮಾಡುವವರೂ ತಪ್ಪು, ಹೊರಗೆ ಹಾಕುವವರೂ ತಪ್ಪು.

ಹಾಗಂತ ಪುಸ್ತಕವನ್ನು ತಲೆ ಮೇಲೆ ಹೊರಬೇಕಿಲ್ಲ. ಅದು ದೊರೆಯ ಪುಸ್ತಕ. ಅವನ ಪ್ರೀತಿಯ ಆನೆ ಆತಷ್‌ಖಾನನಿಗೆ ಅಲ್ಲಿ ಜಾಗವಿದೆ, ಮೋತಿಖಾನ್ ಎಂಬ ತಂಬೂರಿಗೂ ಇದೆ, ಹೊಲದವನಿಗೆ ಇಲ್ಲ. ಹೊಗಳಿಕೆಯೂ ಸುತ್ತಿ ಸುತ್ತಿ ಅವನ ಮೇಲೇ ಬಂದು ಬೀಳುತ್ತದೆ. ಸೌಹಾರ್ದದ ಸರ್ಟಿಫಿಕೇಟು ಎಂದು ಇದನ್ನು ಎತ್ತಿ ತೋರಿಸಿದರೆ ದಾರಾನಿಗೆ ಮಾಡಿದ ಅನ್ಯಾಯವನ್ನೇ ಇವನಿಗೂ ಮಾಡಿದಂತೆ.

ಮುಂಬೈಯಲ್ಲಿ ಓದುವ ಹುಡುಗರೇ, ನಿಮ್ಮಲ್ಲಿ ಮನೆಯಲ್ಲಿ ದಖನಿ ಆಡುವವರಿಗೆ ಈ ಹಾಡುಗಳು ಪೂರ್ತಿ ಪರಕೀಯವಾಗಲಾರವು. ಅರ್ಥ ಸಿಗದ ಕಡೆ ಮೇಲೆ ಬರೆದ ರಾಗದ ಹೆಸರು ನೋಡಿ: ಭೈರವ, ಭೂಪಾಲಿ, ನೌರೋಜ್, ಮತ್ತೆ ನಮ್ಮ ಕರ್ನಾಟಕದ ಹೆಸರು ಹೊತ್ತ ಕಾನಡಾ.