ಬಿಟ್ಟ ಬಿಳಿ, ಬಳಿದ ಬಿಳಿ

ಊರಬೀದಿಯ ಜಲವರ್ಣ ಚಿತ್ರ ಕಂಡ ಕೂಡಲೇ ನಾವು ಕೇಳುವುದು ‘ಇದು ಯಾರ ಮನೆ?’ ಎಂದು. ಕೇಳಿ, ತಪ್ಪೇನಿಲ್ಲ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಚಿತ್ರದಲ್ಲಿ ಬಿಳಿ ಎಲ್ಲೆಲ್ಲಿದೆ ಹುಡುಕಿ. ತೈಲವರ್ಣದವರು ಬಿಳಿಯನ್ನು ಕೊನೆಗೆ ಹಚ್ಚಬಹುದು. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗದೆ ಉಳಿದ ಕಾಗದ. ಎಲ್ಲಿ ಮುಟ್ಟಬಾರದೆಂದು ಕುಂಚ ಅದ್ದುವ ಮುಂಚೆಯೇ ತೀರ್ಮಾನವಾಗಿರಬೇಕು.

ಸಾಗರ ಸೀಮೆಯ ವರದಹಳ್ಳಿಯನ್ನೇ ತೆಗೆದುಕೊಳ್ಳಿ. ದುರ್ಗಾಂಬಾ ದೇವಸ್ಥಾನ, ಶ್ರೀಧರ ಸ್ವಾಮಿಗಳ ಆಶ್ರಮ ಇರುವ ಊರು. ಅಲ್ಲಿಯ ಮೂಲದವರೊಬ್ಬರು ತಮ್ಮಜ್ಜನ ಕಾಲದ ಹೆಂಚಿನ ಮನೆಯನ್ನೂ ಮುಂದಿನ ರಸ್ತೆಯನ್ನೂ ಮಳೆ ಹೊಳವಾದ ಹೊತ್ತಿನಲ್ಲಿ ಬರೆದರು ಅಂದುಕೊಳ್ಳೋಣ. ಬಿಳಿ ಸಿಗುವುದು ಒದ್ದೆ ರಸ್ತೆಯ ಹೊಳಪಿನಲ್ಲಿ, ಹೆಂಚಿನ ಅಂಚಿನಲ್ಲಿ, ಜಗಲಿಯಲ್ಲಿ ಕೂತವರ ಪಂಚೆಯಲ್ಲಿ. ನಿಮ್ಮ ಕಣ್ಣು ತಾನಾಗಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದರೆ ಬರೆದವರು ಗೆದ್ದರು.

ಇನ್ನು ಅಂಚುಗಳು. ಒದ್ದೆ ಕಾಗದಕ್ಕೆ ಬಣ್ಣ ಬಿಟ್ಟರೆ ಅಂಚು ಕರಗುತ್ತದೆ. ಗುಡ್ಡದ ಮಂಜು ಹುಟ್ಟುವುದು ಹಾಗೆ. ಒಣಗಿದ ಮೇಲೆ ಬಳಿದರೆ ಅಂಚು ಖಚಿತ. ಸೂರಿನ ನೆರಳಿಗೆ ಅದು ಬೇಕು. ಅರೆ ಒಣಗಿದಾಗ ನೀರು ಹೆಚ್ಚಾದರೆ ಹೂಕೋಸಿನಂಥ ಕಲೆ ಏಳುತ್ತದೆ. ಆಷಾಢದಲ್ಲಿ ಬಟ್ಟೆಯೇ ಒಣಗದ ಊರಲ್ಲಿ ಕಾಗದ ಬೇಗ ಒಣಗೀತೇ? ಅಂಥ ಕಲೆಯನ್ನು ಅಳಿಸಲು ಹೋಗದೆ ಗೋಡೆಯ ಪಾಚಿಯಾಗಿ ಉಳಿಸಿಕೊಂಡವರನ್ನು ನಾನು ಹೆಚ್ಚು ಮೆಚ್ಚುತ್ತೇನೆ. ರಸ್ತೆ ಬದಿಯ ಜಂಬಿಟ್ಟಿಗೆ ಧರೆಯನ್ನು ಹತ್ತಿರದಿಂದ ನೋಡಿ: ಕಂದುಗೆಂಪಿಗೆ ಬೆರೆಸಿದ ಅಲ್ಟ್ರಾಮರೀನ್ ನೀಲಿಯ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಕೂತು, ಧರೆಯ ತರಿ ತಾನಾಗಿ ಮೂಡಿರುತ್ತದೆ.

ಮಂಜಿನ ವಿಷಯದಲ್ಲಿ ಕಣ್ಣು ಪಳಗಬೇಕಾದರೆ ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲ್ ಚಿತ್ರಗಳಿವೆ. ಚಿತ್ರಗಾರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು.

ಮತ್ತೆ ಅಜ್ಜನ ಮನೆಯ ಚಿತ್ರಕ್ಕೆ ಬಂದರೆ, ಮನೆತನದ ನೆನಪು ಪೇಚಿಗೆ ಸಿಕ್ಕಿಸುವುದು ಗೋಡೆಯ ಹತ್ತಿರ. ಸಾಗರ, ಹೊಸನಗರ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ಗೊತ್ತಲ್ಲ? ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ, ಕೂದಲೆಳೆಯಷ್ಟು ಸಣ್ಣ ಗೆರೆಗಳು. ಅಲ್ಲಿ ಬಿಳಿ ಕೊನೆಗೆ, ಕೆಂಪಿನ ಮೇಲೆ ಬರುತ್ತದೆ. ಅಮ್ಮನೋ ಅಜ್ಜಿಯೋ ಬರೆದ ಆ ಎಳೆಗಳನ್ನು ಜಲವರ್ಣದಲ್ಲಿ ತರುವುದು ಹೇಗೆ?

ಮೂರು ದಾರಿಗಳಿವೆ. ಮೊದಲೇ ರಬ್ಬರಿನ ದ್ರವದಿಂದ ಗೆರೆ ಎಳೆದು, ಮೇಲೆ ಕೆಂಪು ಬಳಿದು, ಒಣಗಿದ ಮೇಲೆ ದ್ರವ ಉಜ್ಜಿ ತೆಗೆಯಬಹುದು. ಒಣಗಿದ ಕೆಂಪನ್ನು ಬ್ಲೇಡಿನಿಂದ ಕೆರೆಯಬಹುದು; ಓರೆಯಾಗಿ ನೋಡಿದರೆ ಕಾಗದದ ನಾರು ಎದ್ದಿರುತ್ತದೆ. ಇಲ್ಲವೇ ದಪ್ಪ ಬಿಳಿ ಬಣ್ಣವನ್ನೇ ಬಳಿಯಬಹುದು. ಅದು ಕಾಗದದ ಬಿಳಿಗಿಂತ ಕೊಂಚ ಮಂಕು. ಈ ಮೂರನೆಯದಕ್ಕೆ ಜಲವರ್ಣದ ಮಡಿವಂತರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ, ಹಸೆಗೋಡೆಯಲ್ಲೂ ಬಿಳಿ ಬಳಿದದ್ದೇ ತಾನೆ! ರಸ್ತೆಯ ಹೊಳಪಿಗೂ ಅದೇ ಡಬ್ಬಿಗೆ ಕೈ ಹಾಕಿದ್ದರೆ ಮಾತ್ರ ನನ್ನ ತಕರಾರಿದೆ.