ಒಂಡಾನ್ಸೆಟ್ರಾನ್‌ನ ಅತಿಕೀರ್ತಿ

ಸಿಸೇರಿಯನ್ ಹೆರಿಗೆಯಲ್ಲಿ ಓಕರಿಕೆ, ವಾಂತಿ ತಡೆಯುವ ಮಾತು ಬಂದೊಡನೆ ಒಂಡಾನ್ಸೆಟ್ರಾನ್ ಎಂಬ 4 ಮಿಲಿಗ್ರಾಂ ಇಂಜೆಕ್ಷನ್ನಿನ ಹೆಸರೇ ಮುಂದೆ ನಿಲ್ಲುತ್ತದೆ. ಅದನ್ನು ಕೊಟ್ಟು ಕೇಸ್ ಶೀಟಿನಲ್ಲಿ ಬರೆದರೆ ತಡೆಯ ಕೆಲಸ ಮುಗಿಯಿತೆಂಬ ನಂಬಿಕೆ ಬೇರೂರಿದೆ. ಈ ಕೀರ್ತಿ ಮದ್ದಿನ ಯೋಗ್ಯತೆಗಿಂತ ದೊಡ್ಡದು.

ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಾದ ಬ್ಯುಪಿವಕೇನ್ ನೋವಿನ ನರಗಳೊಂದಿಗೆ ರಕ್ತನಾಳಗಳನ್ನು ಬಿಗಿಹಿಡಿದಿರುವ ನರಗಳನ್ನೂ ಮರಗಟ್ಟಿಸುವುದರಿಂದ, ನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ. ಮಿದುಳಿಗೂ ಕರುಳಿಗೂ ರಕ್ತ ಸಾಲದೆ, ಎಚ್ಚರವಾಗಿಯೇ ಮಲಗಿರುವ ತಾಯಿಗೆ ಹೊಟ್ಟೆ ತೊಳಸತೊಡಗುತ್ತದೆ. ಒಂಡಾನ್ಸೆಟ್ರಾನ್ ಈ ಕುಸಿತವನ್ನು ತುಸು ತಗ್ಗಿಸುವುದುಂಟು. ಅಷ್ಟು ಮನ್ನಣೆ ಅದಕ್ಕೆ ಸಲ್ಲಬೇಕು. ಆದರೆ ಕುಸಿಯುವ ಮೊದಲೇ ಒತ್ತಡವನ್ನು ಹಿಡಿದು ನಿಲ್ಲಿಸುವುದು, ಅಂದರೆ ನಾಳ ಬಿಗಿಗೊಳಿಸುವ ಫಿನೈಲೆಫ್ರಿನ್ ಮದ್ದನ್ನು ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂನಂತೆ ಆರಂಭಿಸಿ, ಮೇಲಿನ (ಸಿಸ್ಟಾಲಿಕ್) ಒತ್ತಡವನ್ನು ಮೊದಲಿದ್ದುದರ ಶೇ. 90ಕ್ಕಿಂತ ಇಳಿಯದಂತೆ ಕಾಯುವುದು, ಈ ಕುಸಿತದ ನಿರ್ವಹಣೆ ಕುರಿತ 2018ರ ಅಂತರರಾಷ್ಟ್ರೀಯ ಸಹಮತದ ತಿರುಳು.

ಇದೆಲ್ಲ ಮಣಿಪಾಲದಂಥ ದೊಡ್ಡ ಆಸ್ಪತ್ರೆಗೆ ಸರಿ, ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ತಾಲೂಕುಗಳಿಗೆ ಒತ್ತಡ ಏರಿಸುವ ಮೆಫೆಂಟರ್ಮಿನ್ ಮದ್ದು ಸಾಕು ಎನ್ನುವವರ ವಾದವನ್ನು ಒಪ್ಪಲಾಗದು. ಫಿನೈಲೆಫ್ರಿನ್‌ನ 10 ಮಿಲಿಗ್ರಾಂನ ಒಂದು ಆಂಪೂಲನ್ನು 100 ಮಿಲಿಲೀಟರ್ ಸಲೈನ್ ಬಾಟಲಿಗೆ ಬೆರೆಸಿದರೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಆಗುತ್ತದೆ; ಗಂಟೆಗೆ 15ರಿಂದ 30 ಮಿಲಿಲೀಟರ್ ಹರಿಸಿದರೆ ಮೇಲೆ ಹೇಳಿದ ಪ್ರಮಾಣ ಸಿಗುತ್ತದೆ. ಬೆರೆಸುವಾಗ ಲೆಕ್ಕ ತಪ್ಪಿದರೆ ಒತ್ತಡ ವಿಪರೀತ ಏರಿ ಎದೆಬಡಿತ ಇಳಿಯುವ ಅಪಾಯ ನಿಜ; ಬಾಟಲಿಯ ಮೇಲೆ ಬರೆದು ಅಂಟಿಸುವ ಚೀಟಿ, ಇಬ್ಬರು ಓದಿ ನೋಡುವ ಶಿಸ್ತು, ನಿಮಿಷಕ್ಕೊಮ್ಮೆ ಒತ್ತಡ ನೋಡುವ ಕಣ್ಣು ಇವು ಯಾವ ತಾಲೂಕಿಗೂ ನಿಲುಕದ ಸಾಧನಗಳಲ್ಲ. ಒತ್ತಡ ಬಿದ್ದ ಮೇಲೆ ಮೆಫೆಂಟರ್ಮಿನ್ ಕೊಡುವುದು ಚಿಕಿತ್ಸೆಯಾದೀತೇ ಹೊರತು ತಡೆಯಾಗದು. ದೂರದ ಬೈಂದೂರಿಗೆ ಕಡಿಮೆ ಗುಣಮಟ್ಟ ನಡೆಯುತ್ತದೆ ಎಂಬ ಔದಾರ್ಯ, ಬಿಡಿಸಿ ನೋಡಿದರೆ, ಅಸಡ್ಡೆಯೇ.

ವಾಂತಿನಿರೋಧಕಗಳನ್ನು ಹುಸಿಮದ್ದಿನೊಡನೆ ವರ್ಗವಾರು ತೂಗಿದ 2021ರ ಕಾಕ್ರೇನ್ ಸಮೀಕ್ಷೆಯನ್ನು ಮುಂದಿಟ್ಟುಕೊಂಡು ಒಂಡಾನ್ಸೆಟ್ರಾನ್ ಪರ ವಾದಿಸುವವರೂ ಇದ್ದಾರೆ. ಅಂಥ ತೂಕ ಯಾವ ಮದ್ದು ಹುಸಿಮದ್ದಿಗಿಂತ ಮೇಲೆಂದು ಹೇಳುತ್ತದೆಯೇ ಹೊರತು ಒತ್ತಡ ಕುಸಿಯಲು ಬಿಟ್ಟದ್ದೇಕೆಂದು ಕೇಳುವುದಿಲ್ಲ.

ಮಗು ಹೊರಬಂದ ಮೇಲಿನ ವಾಂತಿಗೆ ಬೇರೆ ಕಾರಣಗಳೂ ಇವೆ: ಗರ್ಭಕೋಶವನ್ನು ಹೊಟ್ಟೆಯಿಂದ ಹೊರಗೆಳೆದು ಹೊಲಿಯುವುದು, ಆಕ್ಸಿಟೋಸಿನ್ನನ್ನು ಒಮ್ಮೆಗೇ ನುಗ್ಗಿಸುವುದು, ರಕ್ತಸ್ರಾವ ನಿಲ್ಲಲೆಂದು ಮೀಥೈಲ್ ಎರ್ಗೊಮೆಟ್ರಿನ್ ಕೊಡುವುದು. ಮೊದಲ ಎರಡು, ಶಸ್ತ್ರವೈದ್ಯರೂ ಅರಿವಳಿಕೆ ವೈದ್ಯರೂ ಕತ್ತರಿ ಹಿಡಿಯುವ ಮೊದಲೇ ಮಾತಾಡಿಕೊಂಡರೆ ತಪ್ಪಿಸಬಹುದಾದವು, ಮತ್ತು ಅವಕ್ಕೆ ಯಾವ ಆಂಪೂಲೂ ಬೇಕಿಲ್ಲ.